ಸಾಹೇಬರ ಮಾನಕ್ಕೆ ಬಿದ್ದ ಬೆಂಕಿ

ಕೋರ್ಟಿನ ಸಮನ್ಸು ಕೈಗೆ ಬಂದಾಗ ಪೇಪರಕ್ಕ ಮೊದಲು ನಕ್ಕಳು. ನಗದೆ ಇನ್ನೇನು ಮಾಡಬೇಕು? ಅಗ್ನಿಶಾಮಕ ದಳದ ಮುಖ್ಯಾಧಿಕಾರಿಗಳ ಮಾನ ಹೋಗಿದೆಯಂತೆ. ಕಳೆದವಳು ಇವಳಂತೆ. ಹೋದ ಮಾನಕ್ಕೆ ಇವಳು ತುಂಬಿಕೊಡಬೇಕಾದ ಪರಿಹಾರವನ್ನು ಅಂಕೆಯಲ್ಲೂ ಅಕ್ಷರದಲ್ಲೂ ಬರೆದಿದ್ದರು. ಅಚ್ಚಿನ ಯಂತ್ರ, ಮನೆ, ಮೈಮೇಲಿನ ಬಟ್ಟೆ ಎಲ್ಲ ಸೇರಿಸಿ ಮಾರಿದರೂ ಆ ಅಂಕೆಯ ಬಾಲಕ್ಕೂ ಸಾಲುತ್ತಿರಲಿಲ್ಲ.

"ಇಷ್ಟು ಬೆಲೆಬಾಳೋ ಮಾನ ಇಟ್ಕೊಂಡು ಆ ಮನುಷ್ಯ ಬೀದೀಲಿ ಕಾವಲಿಲ್ದೆ ಹೇಗೆ ಓಡಾಡ್ತಿದ್ರೋ!" ಅಂದಳು ಗಂಡನಿಗೆ.

ಗಂಡ ನಗಲಿಲ್ಲ. ಕೈಗಂಟಿದ ಶಾಯಿಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾ, "ನನ್ನ ಹೆಸರೂ ಇದೆ ನೋಡು, ಮುದ್ರಕ ಅಂತ," ಅಂದ. ಆಮೇಲೆ ತಿರುಗಿ ಯಂತ್ರದ ಕಡೆ ನೋಡಿದ. ಆ ನೋಟ ಕಂಡ ಮೇಲೆ ಪೇಪರಕ್ಕನ ನಗುವೂ ನಿಂತಿತು.

ಅವರದು ನಾಲ್ಕು ಪುಟದ ವಾರಪತ್ರಿಕೆ. ಮನೆಯ ಹಿಂಭಾಗದ ಉದ್ದನೆಯ ಕೋಣೆಯೇ ಅಚ್ಚುಮನೆ. ಅವಳು ಸುತ್ತಾಡಿ ಸುದ್ದಿ ತಂದು ಬರೆಯುವುದು, ಗಂಡ ಅಚ್ಚು ಹಾಕುವುದು, ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹಾಳೆ ಮಡಿಸುತ್ತಾ ಇಬ್ಬರ ತಪ್ಪನ್ನೂ ಎತ್ತಿ ಆಡುವುದು. ಊರಿಗೆಲ್ಲ ಅವಳು ಪೇಪರಕ್ಕನೇ. ಸಮನ್ಸಿನಲ್ಲಿದ್ದ ಅವಳ ನಿಜವಾದ ಹೆಸರು ಓದಿ ಅತ್ತೆಯೇ ಒಂದು ಗಳಿಗೆ, "ಇದ್ಯಾರೇ ಇವಳು?" ಅಂದುಬಿಟ್ಟರು.

ಸಾಹೇಬರ ಮಾನ ಹೋದ ಬಗೆ ಹೀಗೆ.

ಅಚ್ಚುಮನೆಯ ಹಿಂದಿನ ಬೀದಿಯಲ್ಲಿ ಟೈಲರಣ್ಣನ ಅಂಗಡಿ. ಶಾಲೆ ಶುರುವಾಗುವ ಕಾಲ, ಅಂಗಡಿಯ ತುಂಬ ಮಕ್ಕಳ ಸಮವಸ್ತ್ರದ ರಾಶಿ. ಒಂದು ಮಧ್ಯಾಹ್ನ ಸ್ವಿಚ್ಚಿನ ಹಲಗೆಯಲ್ಲಿ ಚಟಪಟ ಅಂದಿತು, ನೋಡನೋಡುತ್ತಿದ್ದಂತೆ ಪರದೆಗೆ ಹತ್ತಿತು. ಬೀದಿಯವರು ಬಕೆಟ್ಟು ಹಿಡಿದು ಓಡಿಬಂದರು, ಪೇಪರಕ್ಕನೂ ಓಡಿದಳು. ಟೈಲರಣ್ಣ ಮಾತ್ರ ಒಳಗೆ ನುಗ್ಗುತ್ತಿದ್ದ, ಮಕ್ಕಳ ಅಂಗಿ ಚಡ್ಡಿಗಳನ್ನು ತಬ್ಬಿಕೊಂಡು ಬರುತ್ತಿದ್ದ, ಬೀದಿಗೆ ಎಸೆದು ಮತ್ತೆ ನುಗ್ಗುತ್ತಿದ್ದ. "ಬಿಡೋ ಮಾರಾಯ, ಜೀವ ಉಳಿಸ್ಕೋ!" ಅಂತ ಕೂಗಿದರೆ, "ಕಂಡೋರ ಮಕ್ಕಳ ಬಟ್ಟೆ ಕಣ್ರೋ!" ಅನ್ನುತ್ತಿದ್ದ.

ಅಷ್ಟರಲ್ಲಿ ಗಂಟೆ ಬಾರಿಸುತ್ತಾ ಬೆಂಕಿ ಆರಿಸುವ ಗಾಡಿ ಬಂತು. ಜನ ದಾರಿ ಬಿಟ್ಟರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸಿಬ್ಬಂದಿ ಸರಸರ ಪೈಪು ಬಿಚ್ಚಿ ಎಳೆದುಕೊಂಡು ಬಂದು, "ಬಿಡೋ!" ಅಂತ ಕೂಗಿದರು. ಪಂಪು ಕೆಮ್ಮಿತು, ಗೊರಗೊರ ಅಂದಿತು, ಸುಮ್ಮನಾಯಿತು. ಪೈಪಿನ ಬಾಯಿಯಿಂದ ಕೆಟ್ಟ ನಲ್ಲಿಯ ಹಾಗೆ ತೊಟ್ಟು ತೊಟ್ಟು ನೀರು ಬಿತ್ತು, ಅಷ್ಟೇ. ಸಿಬ್ಬಂದಿ ಪಾಪ, ಪೈಪು ಬಿಸಾಕಿ ಬೀದಿಯವರ ಬಕೆಟ್ಟಿಗೇ ಕೈ ಹಚ್ಚಿದರು. "ಪಂಪು ಸತ್ತು ತಿಂಗಳುಗಟ್ಟಲೆ ಆಯ್ತಕ್ಕಾ, ಹೇಳಿ ಹೇಳಿ ಬಾಯಿ ನೋವು ಬಂತು," ಅಂದ ಒಬ್ಬ, ಬಕೆಟ್ಟು ದಾಟಿಸುತ್ತಲೇ. ಅಂಗಡಿ ಕಣ್ಣೆದುರೇ ಬೂದಿಯಾಯಿತು. ಟೈಲರಣ್ಣನ ಎರಡೂ ಕೈ ಮೊಣಕೈವರೆಗೆ ಸುಟ್ಟಿತ್ತು.

ಪೇಪರಕ್ಕ ಕಂಡದ್ದನ್ನು ಕಂಡಂತೆ ಬರೆದಳು. ಸಿಬ್ಬಂದಿ ಬಕೆಟ್ಟು ಹೊತ್ತದ್ದನ್ನೂ ಬರೆದಳು. ಬರೆಯುವ ಮುಂಚೆ ಸಾಹೇಬರ ಕಚೇರಿಗೆ ಮತ್ತೆ ಮತ್ತೆ ಫೋನು ಮಾಡಿದಳು, ಪ್ರತಿ ಸಲವೂ "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಅಂದರು. ಅದನ್ನೂ ಬರೆದಳು. ತಲೆಬರಹ ಮಾತ್ರ ಅವಳ ಕೈಚಳಕ: "ಬೆಂಕಿ ನೋಡಲು ಬಂದ ಬೆಂಕಿ ಗಾಡಿ." ಊರು ಅದನ್ನು ಓದಿ ಬಿದ್ದು ಬಿದ್ದು ನಕ್ಕಿತು.

ಆ ನಗುವೇ ಸಾಹೇಬರಿಗೆ ತಾಕಿದ್ದು. ಪಂಪು ರಿಪೇರಿಗೆ ಸಿಗದ ಸಮಯ ವಕೀಲರಿಗೆ ಸಿಕ್ಕಿತು. ಕೇಸು ಒಂದಲ್ಲ, ಎರಡು. ಒಂದು ಇದೇ ಊರಲ್ಲಿ. ಇನ್ನೊಂದು ರೈಲಿನಲ್ಲಿ ಒಂದಿಡೀ ಹಗಲು ಹೋಗಬೇಕಾದ ದೂರದ ಊರಲ್ಲಿ. ಅಲ್ಲಿರುವ ತಮ್ಮ ಭಾವಮೈದ ಪತ್ರಿಕೆ ಓದಿ ತಲೆ ತಗ್ಗಿಸಿದ, ಹಾಗಾಗಿ ಅಲ್ಲಿಯೂ ತಮ್ಮ ಮಾನ ಹೋಯಿತು, ಅಂತ ಸಾಹೇಬರ ವಾದ.

"ಆ ಊರಿಗೆ ನಮ್ಮ ಪೇಪರ್ರು ಹೋಗೋದೇ ಒಂದು," ಅಂದ ಗಂಡ, ತಲೆ ಕೆರೆದುಕೊಳ್ಳುತ್ತಾ. "ಅದೂ ನನ್ನ ತಂಗಿಗೆ, ಅಂಚೇಲಿ."

ಪೇಪರಕ್ಕ ವಕೀಲರನ್ನು ಹುಡುಕಿದಳು. ದೊಡ್ಡ ವಕೀಲರು ಸಾಹೇಬರ ಹೆಸರು ಕೇಳಿದ್ದೇ ಜಾರಿಕೊಂಡರು. ಸಿಕ್ಕವರು ವರ್ಷವಿಡೀ ಮೂಗಿಗೆ ಕರವಸ್ತ್ರ ಹಿಡಿದೇ ಇರುವ, ಊರೆಲ್ಲ ನೆಗಡಿ ವಕೀಲರು ಅಂತ ಕರೆಯುವ ಮನುಷ್ಯ. ವರದಿಯನ್ನು ಓದಿ, ಸೀನಿ, ಮತ್ತೊಮ್ಮೆ ಓದಿ ಹೇಳಿದರು: "ಇದರಲ್ಲಿ ಸುಳ್ಳಿಲ್ಲಮ್ಮ. ಅದೇ ನಿಮ್ಮ ಕಷ್ಟ. ಸುಳ್ಳಾಗಿದ್ರೆ ಒಂದು ತಪ್ಪಾಯ್ತು ಅಂದು ಮುಗಿಸಬಹುದಿತ್ತು."

ದೂರದ ಊರಿನ ಕೇಸು ಬೇಗನೆ ಮುಗಿಯಿತು. ಅದಕ್ಕೆ ಪೇಪರಕ್ಕನ ನಾದಿನಿಯೇ ಕಾರಣ. ಸಾಹೇಬರ ಭಾವಮೈದ ಸಾಕ್ಷಿ ಕಟ್ಟೆ ಹತ್ತಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆ ಕೊಂಡು ಓದಿದೆ ಅಂದ. ನಾದಿನಿ ತನ್ನ ಪ್ರತಿಯನ್ನು ಚೀಲದಿಂದ ತೆಗೆದು ಮೇಲಕ್ಕೆತ್ತಿ ತೋರಿಸಿದಳು. "ಈ ಊರಿಗೆ ಬರೋದು ಇದೊಂದೇ ಸ್ವಾಮಿ. ಬಂದಾಗಿನಿಂದ ನನ್ನ ಮನೆ ಬಿಟ್ಟು ಹೊರಗೆ ಹೋಗಿಲ್ಲ. ಈ ಯಜಮಾನ್ರು ಓದಿದ್ರೆ ನಮ್ಮ ಮನೆಗೆ ಬಂದೇ ಓದಿರಬೇಕು. ಯಾವಾಗ ಬಂದಿದ್ರು ಅಂತ ಕೇಳಿ, ನಮ್ಮ ಯಜಮಾನ್ರಿಗೂ ತಿಳ್ಕೋಬೇಕಂತೆ!" ಕೋರ್ಟು ಗೊಳ್ಳೆಂದಿತು. ಭಾವಮೈದ ಬೆವರು ಒರೆಸಿಕೊಂಡ. ಆ ಕೇಸು ಅಲ್ಲಿಗೇ ಬಿತ್ತು.

ಆದರೆ ತಮ್ಮ ಊರಿನ ಕೇಸು ಅಷ್ಟು ಸುಲಭಕ್ಕೆ ಜಗ್ಗುವಂಥದ್ದಲ್ಲ. ಮೊದಲ ದಿನವೇ ತಡೆಯಾಜ್ಞೆ ಬಂತು: ಕೇಸು ಮುಗಿಯುವ ತನಕ ಅಗ್ನಿಶಾಮಕ ದಳದ ಬಗ್ಗೆ ಪತ್ರಿಕೆ ಒಂದಕ್ಷರವನ್ನೂ ಪ್ರಕಟಿಸಕೂಡದು. ಕೇಸೋ, ಮುಗಿಯುವ ಮಾತೇ ಇಲ್ಲ. ಸಾಹೇಬರಿಗೆ ತಪಾಸಣೆ, ಸಾಹೇಬರಿಗೆ ಸಭೆ, ಸಾಹೇಬರಿಗೆ ಮೈ ಹುಷಾರಿಲ್ಲ. ಪ್ರತಿ ಸಲ ತಾರೀಖು ಮುಂದಕ್ಕೆ. ಪೇಪರಕ್ಕ ಮತ್ತು ಗಂಡ ಮಾತ್ರ ತಪ್ಪದೆ ಹೋಗಬೇಕು, ಹೆಸರು ಕೂಗುವ ತನಕ ವರಾಂಡದ ಗೋಡೆಗೆ ಒರಗಿ ನಿಲ್ಲಬೇಕು, ಕೂಗಿದ ಮೇಲೆ ಕಟಕಟೆಯಲ್ಲಿ ನಿಲ್ಲಬೇಕು. ಒಮ್ಮೆ ಸಾಹೇಬರು ಬಂದೇಬಿಟ್ಟರು. ಸಮವಸ್ತ್ರದ ಗುಂಡಿಗಳು ಫಳಫಳ ಹೊಳೆಯುತ್ತಿದ್ದವು. ಪೇದೆ ಓಡಿಹೋಗಿ ಅವರಿಗೆ ಕುರ್ಚಿ ತಂದ. ಕಾಲು ನೋವಿನ ಗಂಡ ಕಟಕಟೆಯ ಕಂಬಿ ಹಿಡಿದು ನಿಂತೇ ಇದ್ದ. ತಪ್ಪು ಇನ್ನೂ ಸಾಬೀತೇ ಆಗಿಲ್ಲ, ಶಿಕ್ಷೆ ಮಾತ್ರ ವಾರದಿಂದ ವಾರಕ್ಕೆ ನಡೆಯುತ್ತಲೇ ಇದೆಯಲ್ಲ!

ಈ ನಡುವೆ ಮರಗೆಲಸದ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಅದೇ ಗಾಡಿ ಬಂತು, ಅದೇ ಪಂಪು ಕೆಮ್ಮಿತು. ಪೇಪರಕ್ಕ ಅಲ್ಲೇ ನಿಂತು ನೋಡಿದಳು, ಮನೆಗೆ ಬಂದಳು, ಗಾಡಿಯ ಹೆಸರೆತ್ತದೆ ಅದನ್ನು ಬರೆಯುವ ದಾರಿ ಕಾಣದೆ ಕೂತಳು. ಆ ವಾರದ ಪತ್ರಿಕೆಯಲ್ಲಿ ಬೆಂಕಿಯ ಸುದ್ದಿಯೇ ಇರಲಿಲ್ಲ. ಮಾರನೆಯ ದಿನವೇ ಆ ಕಾರ್ಖಾನೆಯ ಬಡಗಿ ಬಂದು ಅಚ್ಚುಮನೆಯ ಹೊಸ್ತಿಲ ಮೇಲೆ ನಿಂತ. ಮೈಯೆಲ್ಲ ಮಸಿ.

"ಟೈಲರಣ್ಣನ ಅಂಗಡಿ ಸುಟ್ಟಾಗ ಅಷ್ಟುದ್ದ ಬರೆದ್ರಿ. ನನ್ನದು ಸುಟ್ಟಾಗ ಒಂದು ಸಾಲಿಲ್ಲ. ಯಾಕಕ್ಕಾ?"

"ಕೋರ್ಟು ಬೇಡ ಅಂದಿದೆ ಕಣಪ್ಪ."

ಅವನು ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸಿದ. "ಕೋರ್ಟು ಬೇಡ ಅಂದಿತೋ, ಸಾಹೇಬ್ರು ಏನಾದ್ರೂ ಕೈಬೆಚ್ಚಗೆ ಮಾಡಿದ್ರೋ?"

ಅತ್ತೆ ಮಡಿಸುತ್ತಿದ್ದ ಹಾಳೆ ಬಿಟ್ಟು ಎದ್ದರು. "ಏಯ್, ಯಾರ ಮುಂದೆ ನಿಂತು ಏನು ಮಾತಾಡ್ತಿದ್ದೀಯ?" ಅಂತ ಗದರಿದರು. ಬಡಗಿ ಹೊರಟುಹೋದ. ಸಾಹೇಬರ ದಾವೆಯಲ್ಲಿದ್ದ ಬೈಗುಳಗಳೆಲ್ಲ ಅವಳ ಮೈಮೇಲೆ ನೀರು ಹರಿದ ಹಾಗೆ ಹರಿದುಹೋಗಿದ್ದವು. ಈ ಎರಡು ಬೆರಳು ಉಜ್ಜಿದ್ದು ಮಾತ್ರ ಚರ್ಮ ದಾಟಿ ಒಳಕ್ಕೆ ಇಳಿಯಿತು. ಇಷ್ಟು ವರ್ಷ ಕಾಲು ಸವೆಸಿ ಸಂಪಾದಿಸಿದ್ದು ಇದೊಂದನ್ನೇ, ಇವಳು ಬರೆದರೆ ನಿಜ ಅನ್ನುವ ಮಾತು. ಅದು ಹೋದರೆ ಯಾವ ಕೋರ್ಟು ತಂದುಕೊಡುತ್ತದೆ?

ಸಾಕ್ಷಿಗಳು ಬೇಕು ಅಂದರು ನೆಗಡಿ ವಕೀಲರು. ಬೀದಿಗೆ ಬೀದಿಯೇ ಕಂಡಿದೆಯಲ್ಲ, ಬೇಕಾದಷ್ಟು ಸಿಗುತ್ತಾರೆ ಅಂದುಕೊಂಡು ಹೊರಟಳು. ಬೇಕರಿಯವನು, "ನೋಡಿದ್ದೆ ನಿಜ, ಆದ್ರೆ ಆಗ ಒಲೆ ಮುಂದೆ ಇದ್ದೆ," ಅಂದ. ಪಾತ್ರೆ ಅಂಗಡಿಯವನಿಗೆ ಆ ದಿನ ಕಣ್ಣು ನೋವಿತ್ತಂತೆ. ಬಕೆಟ್ಟು ದಾಟಿಸುತ್ತಾ ಪಂಪಿನ ಕತೆ ಹೇಳಿದ್ದ ದಳದ ಹುಡುಗನಂತೂ ಅವಳನ್ನು ಕಂಡು ರಸ್ತೆಯ ಆಚೆ ಬದಿಗೆ ಹೋಗಿಬಿಟ್ಟ. ಎಲ್ಲರ ಬಾಯನ್ನೂ ಯಾರೋ ಒಂದೇ ದಾರದಲ್ಲಿ ಹೊಲಿದ ಹಾಗಿತ್ತು. ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅಂಗಡಿ ನಡೆಸಬೇಕಾದರೆ ವರ್ಷಕ್ಕೊಮ್ಮೆ ಫೈರ್ ಸರ್ಟಿಫಿಕೇಟು ಬೇಕು. ಅದಕ್ಕೆ ಸಹಿ ಹಾಕುವವರು ಸಾಹೇಬರೇ.

ಕೊನೆಗೆ ಟೈಲರಣ್ಣನ ಹತ್ತಿರ ಹೋದಳು. ಅವನು ಈಗ ಬಾಡಿಗೆಗೆ ಹಿಡಿದ ಸಣ್ಣ ಗೂಡಿನಂಥ ಅಂಗಡಿಯಲ್ಲಿ ಮತ್ತೆ ಹೊಲಿಗೆ ಶುರುಮಾಡಿದ್ದ. ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ಕತ್ತರಿ ಹಿಡಿಯುವುದು ಹೆಂಡತಿ, ಗೆರೆ ಎಳೆದು ತೋರಿಸುವುದು ಅವನು.

ಅವನು ಬಾಯಿ ತೆರೆಯುವ ಮುಂಚೆ ಹೆಂಡತಿಯೇ ಅಡ್ಡ ಬಂದಳು. "ಬೇಡ ಅಕ್ಕಾ. ಕೈ ಮುಗಿತೀನಿ. ಇದೊಂದು ಗೂಡಾದ್ರೂ ಉಳೀಲಿ. ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದೀವಿ."

ಪೇಪರಕ್ಕನಿಗೆ ಸಿಟ್ಟು ಮೂಗಿನ ತುದಿಗೆ ಬಂತು. ಆದರೆ ಆ ಮಡಚದ ಬೆರಳುಗಳ ಮುಂದೆ ಸಿಟ್ಟು ತೋರಿಸುವುದು ಹೇಗೆ? ಎದ್ದು ಬಂದಳು.

ಅದಾಗಿ ಕೆಲವೇ ದಿನಕ್ಕೆ ಅಚ್ಚುಮನೆಗೇ ತಪಾಸಣೆ ಬಂತು. ಸಾಹೇಬರ ಕಚೇರಿಯವರು ಬಂದು ಕಾಗದದ ರಾಶಿ ನೋಡಿದರು, ಶಾಯಿಯ ಡಬ್ಬ ಮೂಸಿದರು, ಹಿಂಬಾಗಿಲು ಅಳೆದರು. ಬೆಂಕಿ ಅಪಾಯವಿರುವ ಜಾಗ ಅಂತ ಬರೆದು, ಬಾಗಿಲಿಗೆ ಬೀಗ ಜಡಿದು, ಬೀಗಕ್ಕೆ ಅರಗು ಹಾಕಿದರು. ಅತ್ತೆ ಕುರ್ಚಿಯಿಂದ ಏಳಲಿಲ್ಲ, ಕುರ್ಚಿ ಸಮೇತ ಅವರನ್ನು ಎತ್ತಿ ಅಂಗಳಕ್ಕೆ ಇಟ್ಟರು.

"ಅಂಗಡಿ ಉರೀವಾಗ ಬರದ ನಿಮ್ಮ ಚುರುಕು, ಉರೀದೇ ಇರೋ ಮನೆಗೆ ಎಷ್ಟು ಬೇಗ ಬಂತ್ರೋ!" ಅಂದರು ಅತ್ತೆ. ಅಧಿಕಾರಿ ಕೇಳಿಸದವನ ಹಾಗೆ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ.

ಬೇರೆ ಅಚ್ಚುಮನೆಯವರು ಇವರ ಕೆಲಸ ಮುಟ್ಟಲಿಲ್ಲ. ಅವರಿಗೂ ಸರ್ಟಿಫಿಕೇಟು ಬೇಕಲ್ಲ. ಪತ್ರಿಕೆ ನಿಂತಿತು. ಯಂತ್ರ ಕತ್ತಲಲ್ಲಿ ಕೂತಿತು. ಗಂಡ ದಿನಕ್ಕೊಮ್ಮೆ ಹೋಗಿ ಕಿಟಕಿಯ ಸಂದಿಯಿಂದ ಅದನ್ನು ಇಣುಕಿ ಬರುತ್ತಿದ್ದ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಿ ಬಂದ ಹಾಗೆ.

ಆಗ ಬಂತು ರಾಜಿಯ ಮಾತು. ಸಾಹೇಬರ ವಕೀಲರು ಕರೆಸಿ, ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ಟೀ ತರಿಸಿ, ಮೂಗಿಗೆ ತುಪ್ಪ ಸವರುವ ದನಿಯಲ್ಲಿ ಹೇಳಿದರು: "ನೋಡೀಮ್ಮ, ಸಾಹೇಬ್ರದ್ದು ದೊಡ್ಡ ಮನಸ್ಸು. ನಿಮ್ಮ ಪೇಪರ್ರಲ್ಲಿ ಎರಡೇ ಎರಡು ಸಾಲು ವಿಷಾದ ಹಾಕಿ. ವರದಿ ತಪ್ಪು ಮಾಹಿತಿಯಿಂದ ಬಂದದ್ದು ಅಂತ. ಕೇಸು ಹಿಂದಕ್ಕೆ, ಬೀಗ ಕೆಳಕ್ಕೆ. ಎಲ್ಲರಿಗೂ ನೆಮ್ಮದಿ."

"ಟೈಲರಣ್ಣನ ಕೈ ಸುಟ್ಟದ್ದೂ ತಪ್ಪು ಮಾಹಿತಿಯಾ?" ಅಂದಳು ಪೇಪರಕ್ಕ.

"ಅದೆಲ್ಲ ಯಾಕೀಗ?"

ಟೀ ಮುಟ್ಟದೆ ಎದ್ದಳು. ಜೊತೆಗೆ ಬಂದಿದ್ದ ಗಂಡನೂ ಹಿಂದೆಯೇ ಎದ್ದು ಬಂದ. ಮನೆ ಹತ್ತಿರ ಬಂದಾಗ, ತಗ್ಗಿದ ದನಿಯಲ್ಲಿ, "ಎರಡೇ ಸಾಲು ಕಣೇ," ಅಂದ.

ಅವಳು ಬೀದಿಯ ನಡುವೆಯೇ ನಿಂತುಬಿಟ್ಟಳು. "ಏನು, ನಿಂಗೂ ಹಾಗೇ ಅನ್ಸುತ್ತಾ?"

"ನಂಗೆ ಏನು ಅನ್ಸುತ್ತೆ ಅಂತ ಕೇಳ್ಬೇಡ. ನಂಗೆ ಸುಸ್ತಾಗಿದೆ. ಕಟಕಟೇಲಿ ನಿಂತು ನಿಂತು ಕಾಲು ಬಾತುಹೋಗಿದೆ. ಅಮ್ಮ ಹಾಳೆ ಮಡಿಸೋಕಿಲ್ದೆ ಮಡಿಸಿದ ಬಟ್ಟೇನೇ ಮತ್ತೆ ಬಿಚ್ಚಿ ಮಡಿಸ್ತಾ ಕೂತಿರ್ತಾಳೆ. ಅದು ನೋಡೋಕಾಗಲ್ಲ ನಂಗೆ."

ಅವಳಿಗೆ ಅಳು ಬಂತು. ಗಂಡನ ಮೇಲೆ ಸಿಟ್ಟಲ್ಲ. ಒಳ್ಳೆಯ ಮನುಷ್ಯನೊಬ್ಬನನ್ನು ಈ ಮಾತಾಡುವ ಹಾಗೆ ಹಿಂಡಿ ಹಾಕಿದರಲ್ಲ ಅಂತ ಸಿಟ್ಟು. ಜೈಲಿಗೆ ಹಾಕುವುದು ಬೇಡ, ಹೊಡೆಯುವುದು ಬೇಡ. ತಾರೀಖಿನ ಮೇಲೆ ತಾರೀಖು ಕೊಟ್ಟರೆ ಸಾಕು, ಮನುಷ್ಯ ತಾನಾಗಿಯೇ ಬಂದು ತನ್ನ ನಿಜವನ್ನು ಸುಳ್ಳು ಅಂತ ಬರೆದುಕೊಡುತ್ತಾನೆ. "ಆ ಎರಡು ಸಾಲು ಹಾಕಿದ್ರೆ ಆಮೇಲೆ ನಾವು ಹಾಕೋ ಯಾವ ಸಾಲನ್ನ ಯಾರು ನಂಬ್ತಾರೆ?" ಅಂದಳು. "ಆಗ ನಿನ್ನ ಯಂತ್ರ ಏನು ಅಚ್ಚು ಹಾಕುತ್ತೆ? ಅಂಗಡಿ ಚೀಟಿನಾ?"

"ನಡಿ, ಅಮ್ಮ ಕಾಯ್ತಿರ್ತಾಳೆ," ಅಂದ ಗಂಡ. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ರಾಜಿಗೆ ಒಪ್ಪದ ಮೇಲೆ ಸಾಹೇಬರು ತಮ್ಮ ಹೇಳಿಕೆಯನ್ನು ಪ್ರಮಾಣ ಮಾಡಿ ಕೋರ್ಟಿಗೆ ಕೊಟ್ಟರು. ಅದರ ಪ್ರತಿ ನೆಗಡಿ ವಕೀಲರ ಮೇಜಿನ ಮೇಲಿತ್ತು. ಓದುತ್ತಾ ಓದುತ್ತಾ ಪೇಪರಕ್ಕನ ಕಣ್ಣು ಒಂದು ಕಡೆ ನಿಂತಿತು. ಬೆಂಕಿ ಹರಡಿದ್ದಕ್ಕೆ ಪಂಪು ಕಾರಣವಲ್ಲವಂತೆ. ಅಂಗಡಿಯವನು ಹಾಡಹಗಲೇ ಕುಡಿದು ಬಿದ್ದಿದ್ದನಂತೆ. ಅವನೇ ಬೀಡಿ ಎಸೆದು ಬೆಂಕಿ ಹಚ್ಚಿಕೊಂಡು, ಸಿಬ್ಬಂದಿಯ ಕೆಲಸಕ್ಕೂ ಅಡ್ಡಿ ಮಾಡಿದನಂತೆ.

ಅವಳು ಸೀದಾ ಟೈಲರಣ್ಣನ ಗೂಡಿಗೆ ಹೋದಳು. ಹೆಂಡತಿ ಮತ್ತೆ ಕೈ ಅಡ್ಡ ಹಿಡಿದಳು. "ನಾನು ಸಾಕ್ಷಿ ಕೇಳೋಕೆ ಬಂದಿಲ್ಲ," ಅಂದಳು ಪೇಪರಕ್ಕ. "ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಅನ್ನೋದು ನಿಮಗೆ ಗೊತ್ತಿರಲಿ ಅಂತ ಬಂದೆ." ಓದಿದಳು.

ಟೈಲರಣ್ಣನ ಹೊಲಿಗೆ ಯಂತ್ರ ನಿಂತಿತು. ಬೀಡಿ ಇರಲಿ, ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ. ಮಕ್ಕಳ ಬಟ್ಟೆಗೆ ವಾಸನೆ ಹತ್ತುತ್ತದೆ ಅಂತ ಅಂಗಡಿಯೊಳಗೆ ಯಾರಿಗೂ ಬೀಡಿ ಸೇದಲು ಬಿಡುತ್ತಿರಲಿಲ್ಲ.

"ಇದು ಪ್ರಮಾಣ ಮಾಡಿ ಹೇಳಿದ್ದಾ?" ಅಂದ.

"ಹೌದು."

"ನನ್ನನ್ನ ಅವರು ಒಂದು ಸಲನಾದ್ರೂ ನೋಡಿದ್ದಾರಾ?"

ಅವನು ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನು ತೆಗೆದು ಮೇಜಿನ ಮೇಲಿಟ್ಟ. ಮಾತಾಡಿದ್ದು ಹೆಂಡತಿ. ಕತ್ತರಿಯನ್ನು ಠಪ್ಪನೆ ಕುಕ್ಕಿ ಅಂದಳು: "ಸರ್ಟಿಫಿಕೇಟು ಹಾಳಾಗಿ ಹೋಗ್ಲಿ. ಮದುವೆಯಾದಾಗಿನಿಂದ ಕುಡುಕನ ಹೆಂಡ್ತಿ ಅಂತ ಯಾರ ಬಾಯಲ್ಲೂ ಅನ್ನಿಸ್ಕೊಂಡಿಲ್ಲ ನಾನು. ನೀವು ಹೋಗಿ. ನೀವು ಹೋಗ್ದಿದ್ರೆ ನಾನು ಹೋಗ್ತೀನಿ."

ವಿಚಾರಣೆಯ ದಿನ ಕೋರ್ಟಿನ ಕೋಣೆ ಕಿಕ್ಕಿರಿದಿತ್ತು. ಅರ್ಧ ಬೀದಿ ಬಂದಿತ್ತು, ಸಾಕ್ಷಿ ಹೇಳುವುದಕ್ಕಲ್ಲ, ನೋಡುವುದಕ್ಕೆ. ಸಾಹೇಬರು ಸಾಕ್ಷಿ ಕಟ್ಟೆ ಹತ್ತಿದರು. ನೆಗಡಿ ವಕೀಲರು ಕರವಸ್ತ್ರ ಮಡಿಸಿ ಜೇಬಿಗಿಟ್ಟರು.

"ಈ ವರದಿಯಲ್ಲಿ ಸುಳ್ಳು ಯಾವುದು ಸಾರ್?"

"ಇಡೀ ವರದಿ."

"ಇಡೀದು ಬೇಡ. ಒಂದು ಸಾಲು ತೋರಿಸಿ ಸಾಕು."

ಸಾಹೇಬರು ಕನ್ನಡಕ ಏರಿಸಿದರು. "ಗಾಡಿಯಲ್ಲಿ ನೀರಿರಲಿಲ್ಲ ಅಂತ ಬರೆದಿದ್ದಾರೆ. ಟ್ಯಾಂಕ್ ತುಂಬ ನೀರಿತ್ತು."

"ಹಾಗಂತ ಎಲ್ಲಿ ಬರೆದಿದೆ? ಓದಿ ಹೇಳಿ."

ಸಾಹೇಬರು ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿದರು. ಇರಲಿಲ್ಲ. ಪೈಪಿನಿಂದ ನೀರು ಬರಲಿಲ್ಲ ಅಂತ ಇತ್ತು.

"ಪೈಪಿನಿಂದ ಬಂತಾ?"

"ಅದು ತಾಂತ್ರಿಕ ವಿಷಯ."

"ಬೆಂಕಿಗೆ ತಾಂತ್ರಿಕ ವಿಷಯ ಗೊತ್ತಾಗುತ್ತಾ ಸಾರ್?"

ಹಿಂದಿನ ಬೆಂಚು ಕಿಸಕ್ಕೆಂದಿತು. ನ್ಯಾಯಾಧೀಶರು ಗದರಿಸಿ ಸುಮ್ಮನಾಗಿಸಿ, ಆಮೇಲೆ ತಾವೇ ಕೇಳಿದರು: "ನೀರು ಬಂತೋ, ಬರಲಿಲ್ಲವೋ? ಅಷ್ಟು ಹೇಳಿ."

"ಆ ಕ್ಷಣಕ್ಕೆ... ಬರಲಿಲ್ಲ."

"ಮತ್ತೆ ಮಾನ ಹೋದದ್ದು ಹೇಗೆ?" ಅಂದರು ವಕೀಲರು.

ಆಗ ಸಾಹೇಬರ ದನಿ ಮೊದಲ ಸಲ ಮನುಷ್ಯರ ದನಿಯಾಯಿತು. "ಬರೆದ ರೀತಿ ಸರಿಯಿಲ್ಲ. ಜನ ನಗ್ತಾರೆ. ನನ್ನ ಕಾರು ಸಿಗ್ನಲ್ಲಿನಲ್ಲಿ ನಿಂತ್ರೆ, 'ಬೆಂಕಿ ನೋಡೋಕೆ ಹೊರಟ್ರಾ ಸಾರ್?' ಅಂತ ಕೇಳ್ತಾರೆ. ನನ್ನ ಮಗಳ ಮುಂದೆ ಕೇಳಿದ್ರು."

ಕಟಕಟೆಯಲ್ಲಿ ನಿಂತ ಪೇಪರಕ್ಕನಿಗೆ ಒಂದು ಗಳಿಗೆ ಅಯ್ಯೋ ಅನಿಸಿತು. ಆ ನೋವು ಸುಳ್ಳಲ್ಲ. ಮಗಳ ಮುಂದೆ ನಗೆಪಾಟಲಾಗುವುದು ಯಾವ ತಂದೆಗೂ ಬೇಡ. ಆದರೆ ಆ ನೋವಿಗೆ ಮದ್ದು ಅವರ ಕೈಯಲ್ಲೇ ಇತ್ತಲ್ಲ! ಪಂಪು ಸರಿಮಾಡಿಸಿ, "ಇಗೋ ಸರಿಯಾಯ್ತು, ಬಂದು ನೋಡಿ" ಅಂದಿದ್ದರೆ ಅದನ್ನೂ ಅವಳೇ ಮೊದಲ ಪುಟದಲ್ಲಿ ಹಾಕುತ್ತಿದ್ದಳು. ಅವರು ಮುಚ್ಚಿಸಲು ಹೊರಟದ್ದು ಪಂಪಿನ ತೂತನ್ನಲ್ಲ, ಇವಳ ಬಾಯನ್ನು.

ಆಮೇಲೆ ಟೈಲರಣ್ಣನ ಹೆಸರು ಕೂಗಿದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ತೋಳು ಮೊಣಕೈ ಮೇಲಕ್ಕೆ ಮಡಿಸಿತ್ತು. ಕೈಗಳನ್ನು ಕಂಬಿಯ ಮೇಲಿಟ್ಟ. ಕಂಡದ್ದನ್ನೆಲ್ಲ ಹೇಳಿದ. ಸಾಹೇಬರ ವಕೀಲರು ಎದ್ದು ನಿಂತು, ದನಿ ಏರಿಸಿ ಕೇಳಿದರು: "ಆ ದಿನ ನೀವು ಕುಡಿದಿದ್ರಿ, ನಿಜ ತಾನೇ?"

"ಕುಡಿದಿದ್ದೆ ಸ್ವಾಮಿ."

ಸಾಹೇಬರ ವಕೀಲರು ಗೆದ್ದವರ ಹಾಗೆ ನ್ಯಾಯಾಧೀಶರ ಕಡೆ ತಿರುಗಿದರು.

"ಟೀ," ಅಂದ ಟೈಲರಣ್ಣ. "ಬೇಕರಿಯಿಂದ ತರಿಸಿದ್ದು. ಬೇಕರಿಯವ್ರು ಅಲ್ಲೇ ಕೂತಿದ್ದಾರೆ, ಕೇಳಿ."

ಎಲ್ಲರೂ ತಿರುಗಿ ನೋಡಿದರು. ಹಿಂದಿನ ಬೆಂಚಿನಲ್ಲಿ ಬೇಕರಿಯವನು ತಲೆ ತಗ್ಗಿಸಿದ, ಆಮೇಲೆ ಎತ್ತಿದ, ಆಮೇಲೆ ಎದ್ದೇ ನಿಂತುಬಿಟ್ಟ. "ಹೌದು ಸ್ವಾಮಿ, ನಾನೇ ಕೊಟ್ಟಿದ್ದೆ. ಪಂಪಲ್ಲಿ ನೀರು ಬರದೇ ಇದ್ದದ್ದನ್ನೂ ನೋಡಿದ್ದೀನಿ." ಕರೆಯದೆ ಮಾತಾಡಬಾರದು ಅಂತ ನ್ಯಾಯಾಧೀಶರು ಬೈದು ಕೂರಿಸಿದರು. ಮುಂದಿನ ತಾರೀಖಿಗೆ ಸಾಕ್ಷಿಯಾಗಿ ಕರೆಸಿ ಅಂತಲೂ ಹೇಳಿದರು.

ಟೈಲರಣ್ಣ ಇಳಿಯಲಿಲ್ಲ. "ಒಂದು ಮಾತು ಕೇಳಬಹುದಾ ಸ್ವಾಮಿ?" ಅಂದ. "ಸಾಹೇಬ್ರನ್ನ ನೋಡಿ ಜನ ನಕ್ರು ಅಂತ ಇಷ್ಟು ದೊಡ್ಡ ಕೇಸಾಯ್ತು. ನನ್ನನ್ನ ಕುಡುಕ ಅಂತ ಅವರು ಇದೇ ಕೋರ್ಟಲ್ಲಿ ಬರೆದುಕೊಟ್ಟಿದ್ದಾರೆ. ನಾನು ಎಲ್ಲಿಗೆ ಹೋಗ್ಲಿ? ಅವರಿಗೆ ಇರೋದು ಮಾನ, ನನಗೆ ಇರೋದು ಏನು?"

ಸಾಹೇಬರು ಗಡಿಯಾರ ನೋಡಿಕೊಂಡರು.

ಮುಂದಿನ ತಾರೀಖಿಗೆ ಬೇಕರಿಯವನ ಹಿಂದೆ ಪಾತ್ರೆ ಅಂಗಡಿಯವನೂ ಸಾಕ್ಷಿಗೆ ಬಂದ. ಬಡಗಿಯೂ ಬಂದ. ಪೇಪರಕ್ಕನ ಮುಖ ನೋಡಲಾರದೆ ಗೋಡೆ ನೋಡಿಕೊಂಡು ಸಾಕ್ಷಿ ಹೇಳಿ, ಇಳಿಯುವಾಗ, "ಆ ದಿನ ಬಾಯಿಗೆ ಬಂದದ್ದು ಮಾತಾಡಿಬಿಟ್ಟೆ ಅಕ್ಕಾ," ಅಂತ ಗೊಣಗಿದ.

ತೀರ್ಪು ಬಂತು. ಬರೆದದ್ದು ನಿಜ, ಜನರಿಗೆ ತಿಳಿಯಬೇಕಾದ ವಿಷಯ, ಅಧಿಕಾರದಲ್ಲಿರುವವರು ಟೀಕೆಗೆ ಮೈ ಒಡ್ಡಬೇಕು ಅಂತ ಹೇಳಿ ನ್ಯಾಯಾಧೀಶರು ಕೇಸು ವಜಾ ಮಾಡಿದರು. ಬೀದಿಯವರು ಕೇಕೆ ಹಾಕಿದರು. ಪೇಪರಕ್ಕ ಮಾತ್ರ ವರಾಂಡದಲ್ಲಿ ವಕೀಲರನ್ನು ನಿಲ್ಲಿಸಿ ಕೇಳಿದಳು:

"ಇಷ್ಟು ದಿನ ನಮ್ಮನ್ನ ಅಲೆಸಿದ್ದಕ್ಕೆ ಅವರಿಗೇನು?"

"ಏನಿಲ್ಲಮ್ಮ."

"ಟೈಲರಣ್ಣನ್ನ ಕುಡುಕ ಅಂದಿದ್ದಕ್ಕೆ?"

"ಅದಕ್ಕೆ ಅವನು ಬೇರೆ ಕೇಸು ಹಾಕ್ಬೇಕು."

"ಬೀಗ?"

"ಅದಕ್ಕೆ ನೀವು ಬೇರೆ ಅರ್ಜಿ ಹಾಕ್ಬೇಕು." ನೆಗಡಿ ವಕೀಲರು ಸೀನಿದರು. "ನಾನೇ ಬರೆದುಕೊಡ್ತೀನಿ, ಬನ್ನಿ."

ಗೆದ್ದವಳ ಹಾಗೆ ಅನಿಸಲಿಲ್ಲ ಅವಳಿಗೆ. ಸಾಹೇಬರಿಗೆ ಆಗಲೇ ಬಡ್ತಿ ಸಿಕ್ಕಿತ್ತು, ಇನ್ನೂ ದೊಡ್ಡ ಕಚೇರಿಗೆ ಹೋಗಿದ್ದರು. ತೀರ್ಪಿನ ಮರುವಾರವೇ ಗಾಡಿಯ ಪಂಪು ರಿಪೇರಿಯಾಯಿತು. ಯಾವುದೋ ಸಣ್ಣ ರಬ್ಬರಿನ ಬಳೆ ಹರಿದಿತ್ತಂತೆ. ಅದನ್ನು ಹೇಳಿದವನು ಹಿಂದೆ ರಸ್ತೆ ದಾಟಿ ತಪ್ಪಿಸಿಕೊಂಡಿದ್ದ ಅದೇ ದಳದ ಹುಡುಗ. ಒಂದು ರಬ್ಬರಿನ ಬಳೆ! ಅದನ್ನು ಬದಲಾಯಿಸುವ ಬದಲು ಎಷ್ಟು ಜನರ ಬಾಯಿ ಹೊಲಿದರು, ಎಷ್ಟು ಜನರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು, ಬಡಗಿಯ ಕಾರ್ಖಾನೆ ಸುಡಲು ಬಿಟ್ಟರು ಅಂತ ನೆನೆದು ಅವಳ ಮೈ ಉರಿಯಿತು.

ಬೀಗ ತೆಗೆಸಲು ಇನ್ನಷ್ಟು ಅಲೆಯಬೇಕಾಯಿತು. ತೆರೆದಾಗ ಯಂತ್ರಕ್ಕೆ ತುಕ್ಕು ಹಿಡಿದಿತ್ತು. ಗಂಡ ದಿನಗಟ್ಟಲೆ ಉಜ್ಜಿ, ಎಣ್ಣೆ ಹಾಕಿ, ಬೈದು, ಮುದ್ದು ಮಾಡಿ ಅದನ್ನು ಎಬ್ಬಿಸಿದ. ಮೊದಲ ಸಂಚಿಕೆಗೆ ಅವಳು ಬರೆಯಲು ಕೂತಾಗ ಸಾಹೇಬರ ವಕೀಲರ ಕಡೆಯಿಂದ ಒಂದು ಮಾತು ಬಂತು: ತೀರ್ಪಿನ ಬಗ್ಗೆ ಪತ್ರಿಕೆಯಲ್ಲಿ ಏನೂ ಬರೆಯದಿದ್ದರೆ ಸಾಹೇಬರು ಮೇಲಿನ ಕೋರ್ಟಿಗೆ ಹೋಗುವುದಿಲ್ಲ.

"ಏನು ಮಾಡ್ತೀಯ?" ಅಂದ ಗಂಡ.

"ನೀನು ಹೇಳು."

ಅವನು ಕಾಲು ನೀವಿಕೊಂಡ. "ಈ ಮಾತು ಹೇಳಿ ಕಳಿಸಿದ್ರು ಅನ್ನೋದನ್ನೂ ಸೇರಿಸಿ ಬರಿ," ಅಂದ. "ಮೊದಲ ಪುಟಕ್ಕೇ ಹಾಕೋಣ."

ಅವಳು ಬರೆದಳು. ಕುಡುಕನೆಂದು ಕರೆಸಿಕೊಂಡ ಮನುಷ್ಯ ಕೋರ್ಟಿನಲ್ಲಿ ಕ್ಷಮೆಯ ಒಂದು ಮಾತನ್ನೂ ಕೇಳಿಸಿಕೊಳ್ಳದೆ ಮನೆಗೆ ಹೋದ ಅಂತ ಬರೆದಳು. ರಬ್ಬರಿನ ಬಳೆಯ ಬಗ್ಗೆ ಬರೆದಳು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಹಾಳೆ ಮಡಿಸಿದರು, ಒಂದು ಅಕ್ಷರ ತಪ್ಪಾಗಿದೆ ಅಂತ ಇಬ್ಬರಿಗೂ ಬೈದರು. ಸಂಜೆಯೊಳಗೆ ಪ್ರತಿಗಳೆಲ್ಲ ಮುಗಿದುಹೋದವು.

ಮೇಲ್ಮನವಿಯೂ ಬಂತು. ಅದರ ಮೊದಲ ತಾರೀಖಿಗೆ ಪೇಪರಕ್ಕ ಮತ್ತು ಗಂಡ ಮೇಲಿನ ಕೋರ್ಟಿರುವ ಊರಿಗೆ ಬಸ್ಸು ಹತ್ತಿದಾಗ ಹಿಂದಿನ ಸೀಟುಗಳಲ್ಲಿ ಬೇಕರಿಯವನು, ಬಡಗಿ, ಟೈಲರಣ್ಣ, ಅವನ ಹೆಂಡತಿ ಆಗಲೇ ಕೂತಿದ್ದರು. "ಏನ್ರೀ ಇದು, ಸಾಕ್ಷಿಯೆಲ್ಲ ಮುಗಿದಿದೆಯಲ್ಲ, ನೀವ್ಯಾಕೆ?" ಅಂದಳು ಪೇಪರಕ್ಕ. ಟೈಲರಣ್ಣನ ಹೆಂಡತಿ ಪಕ್ಕಕ್ಕೆ ಸರಿದು ಕಿಟಕಿಯ ಬಳಿ ಅವಳಿಗೆ ಜಾಗ ಮಾಡಿಕೊಟ್ಟಳು.